ಇನ್ನು ಸಹಿ ಅವಳದೇ

ಮಕ್ಕಳ ಬಗ್ಗೆ ಹೆಮ್ಮೆಪಡಲು ನಮ್ಮ ಶಿರಸಿ ಸೀಮೆಯಲ್ಲಿ ಇರುವುದು ಒಂದೇ ದಾರಿ: ಅಂಕಪಟ್ಟಿ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದವರು ಮೊದಲು ವಿಚಾರಿಸುವುದು ಮಕ್ಕಳ ಪರ್ಸೆಂಟು, ಆಮೇಲೆ ಅಡಿಕೆ ದರ. ನನ್ನ ಮಗಳ ಅಂಕಗಳೂ ಚೆನ್ನಾಗಿಯೇ ಇವೆ. ಆದರೆ 2025ರಲ್ಲಿ ಅವಳಿಗೆ 18 ತುಂಬಿದ ವರ್ಷ ನನ್ನ ಎದೆ ಉಬ್ಬಿದ್ದು ಬೇರೆ ಕಾರಣಕ್ಕೆ.

ಎಸ್ಸೆಸ್ಸೆಲ್ಸಿ ಮುಗಿದ ಬೇಸಗೆಯಲ್ಲಿ ತೋಟದ ಲೆಕ್ಕದ ಪುಸ್ತಕವನ್ನು ಅವಳಿಗೆ ಒಪ್ಪಿಸಿದ್ದೆ. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡನ ಕೂಲಿ, ಅಡಿಕೆ ಸುಲಿದವರಿಗೆ ಕಿಲೋ ಲೆಕ್ಕದಲ್ಲಿ ಕೊಡಬೇಕಾದ ಹಣ, ಕೊಳೆರೋಗದ ಔಷಧಿಯ ಖರ್ಚು, ಎಲ್ಲವೂ ಅದರಲ್ಲೇ. ಆ ರೋಗಕ್ಕೆ ಹೊಡೆಯುವ 100 ಲೀಟರ್ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಆ ಪ್ರಕಾರ ಪೇಟೆಯಿಂದ ಎಷ್ಟು ತರಬೇಕೆಂದು ಚೀಟಿ ಬರೆದುಕೊಡುವವಳೂ ಅವಳೇ. ಅವಳು ಬರೆದ ಮೊತ್ತವನ್ನೇ ಕೂಲಿಯವರ ಕೈಗೆ ಕೊಡುತ್ತಿದ್ದೆ. ಮತ್ತೊಮ್ಮೆ ಕೂಡಿ ನೋಡುತ್ತಿರಲಿಲ್ಲ. ಅವಳ ಆಯಿಗೆ, ಅಂದರೆ ಅಮ್ಮನಿಗೆ, ಇದು ಹಿಡಿಸಲಿಲ್ಲ. "ಓದುವ ಕೂಸಿಗೆ ಈ ತಲೆನೋವು ಯಾಕೆ?" ಎಂದು ಗೊಣಗಿದಳು. ಲೆಕ್ಕ ತಪ್ಪಿದರೆ ನಿಜವಾದ ಹಣ ಹೋಗುತ್ತದೆ ಎಂದು ಗೊತ್ತಿದ್ದರೆ ಮಾತ್ರ ಜವಾಬ್ದಾರಿ ಮೈಗೂಡುತ್ತದೆ ಎಂಬುದು ನನ್ನ ಹಟ.

ಪಿಯು ಪರೀಕ್ಷೆ ಮುಗಿದ ಮೇಲೆ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ಮಾರಲು ಅವಳನ್ನೇ ಮುಂದೆ ಮಾಡಿಕೊಂಡು ಹೋದೆ. ವ್ಯಾಪಾರಿಗಳು ದರ ಬರೆದು ಹಾಕುವ ಟೆಂಡರಿನಲ್ಲಿ ನಮ್ಮ ಲಾಟಿಗೆ, ಅಂದರೆ ನಮ್ಮ ಅಡಿಕೆ ರಾಶಿಗೆ, ಬಿದ್ದ ದರದ ಚೀಟಿ ಬಂತು. ಆ ದರಕ್ಕೆ ಕೊಡುವುದೂ ಬಿಡುವುದೂ ಬೆಳೆಗಾರನ ಇಷ್ಟ. "ಅಪ್ಪಯ್ಯ, ನೀನು ಏನು ಹೇಳುತ್ತೀಯ?" ಎಂದಳು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ. ಚೀಟಿಯನ್ನು ತಿರುಗಿಸಿ ಅದರ ಬೆನ್ನಿನ ಮೇಲೆ ಏನೋ ಗುಣಿಸಿದಳು, ಕೆಳತುಟಿ ಕಚ್ಚಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಕೊನೆಗೆ "ಇವತ್ತು ಬೇಡ" ಎಂದಳು.

ಮುಂದಿನ ವಾರ ದರ ಇಳಿಯಿತು. ನಾನಾಗಿದ್ದರೆ ವ್ಯಾಪಾರಿಗಳನ್ನೂ ಸರ್ಕಾರವನ್ನೂ ಬೈದು ಹಗುರಾಗುತ್ತಿದ್ದೆ. ಅಡಿಕೆ ಬೆಳೆಗಾರರಿಗೆ ಅದೊಂದು ಪಿತ್ರಾರ್ಜಿತ ಹಕ್ಕು. ಅವಳು ಬಂದ ದರಕ್ಕೆ ಕೊಟ್ಟು, ಮನೆಗೆ ಬಂದು ಪುಸ್ತಕದಲ್ಲಿ ಕೆಂಪು ಶಾಯಿಯಿಂದ "ತಡೆದು ಮಾರಿದ್ದಕ್ಕೆ ನಷ್ಟ, ನಿರ್ಧಾರ ನನ್ನದು" ಎಂದು ಬರೆದು ಮೊತ್ತ ಹಾಕಿದಳು. ಆ ಪುಟವನ್ನು ನಾನು ಬಂದ ನೆಂಟರಿಗೆಲ್ಲ ತೋರಿಸಿದ್ದೇನೆ. ನಷ್ಟ ತೋರಿಸಿ ಮೀಸೆ ತಿರುವುವ ಅಪ್ಪನನ್ನು ಅವರು ಹಿಂದೆ ಕಂಡಿರಲಿಕ್ಕಿಲ್ಲ.

ಇನ್ನು ಕಾಗದಪತ್ರಗಳು. ಮತದಾರರ ಪಟ್ಟಿಗೆ ನಮೂನೆ 6 ತುಂಬಬೇಕು. 2022ರಿಂದೀಚೆಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿದ್ದು, 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಅದನ್ನು ಅವಳೇ ಮೊಬೈಲಿನಲ್ಲಿ ಮುಗಿಸಿದಳು. ಅಂಚೆ ಕಚೇರಿಯ ಕೆಲಸ ಮಾತ್ರ ಸ್ವಲ್ಪ ಉದ್ದ. ಸುಕನ್ಯಾ ಸಮೃದ್ಧಿ ಯೋಜನೆ 2015ರ ಜನವರಿಯಲ್ಲಿ ಬಂದ ವರ್ಷವೇ ಅವಳ ಹೆಸರಿನಲ್ಲಿ ಖಾತೆ ತೆರೆದಿದ್ದೆ. ಹುಡುಗಿಗೆ 18 ತುಂಬಿದರೆ ಪೋಷಕರ ಅಧಿಕಾರ ಮುಗಿಯುತ್ತದೆ. ಅವಳ ಆಧಾರ್, ಪ್ಯಾನ್, ಫೋಟೋ, ಮಾದರಿ ಸಹಿ ಕೊಟ್ಟು ಖಾತೆಯನ್ನು ಅವಳ ಕೈಗೆ ದಾಟಿಸಬೇಕು. ಓದಿನ ಖರ್ಚಿಗೆ ಹಿಂದಿನ ಹಣಕಾಸು ವರ್ಷದ ಕೊನೆಯಲ್ಲಿದ್ದ ಹಣದ ಅರ್ಧದವರೆಗೆ ತೆಗೆಯಬಹುದು, ಕಾಲೇಜಿನ ಪ್ರವೇಶಪತ್ರ ಅಥವಾ ಶುಲ್ಕದ ಚೀಟಿ ತೋರಿಸಬೇಕು. ಧಾರವಾಡದ ಕಾಲೇಜಿನ ಚೀಟಿ ಹಿಡಿದು ಹೋದೆವು. ಅಭ್ಯಾಸಬಲದಿಂದ ನಾನು ಪೆನ್ನು ತೆಗೆದೆ. "ನಿಮ್ಮದು ಬೇಡ, ಖಾತೆದಾರರದು" ಎಂದರು ಕೌಂಟರಿನವರು.

ಎಷ್ಟು ತೆಗೆಯುವುದೆಂದು ನಾನು ಹೇಳಲಿಲ್ಲ. ಶುಲ್ಕಕ್ಕೆ ಬೇಕಾದಷ್ಟನ್ನೇ ಬರೆದಳು, ಒಂದು ರೂಪಾಯಿ ಹೆಚ್ಚಿಲ್ಲ. ಖಾತೆ ತೆರೆದ ದಿನದಿಂದ 15 ವರ್ಷ ಹಣ ಕಟ್ಟಬಹುದು, ಅಂದರೆ 2030ರವರೆಗೆ. ಅದನ್ನು ನೆನಪಿಸಿ, "ಅಡಿಕೆ ಮಾರಿದಾಗ ಮರೆಯಬೇಡ" ಎಂದು ನನಗೇ ತಾಕೀತು ಮಾಡಿದಳು.

ಈಗ ಅವಳು ಹಾಸ್ಟೆಲಿನಲ್ಲಿದ್ದಾಳೆ, ಲೆಕ್ಕ ಬರೆಯುವುದು ಮತ್ತೆ ನನ್ನ ಪಾಲಿಗೆ ಬಂದಿದೆ. ತಿಂಗಳ ಕೊನೆಗೆ ಪುಟದ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಬೇಕೆಂದು ಅಪ್ಪಣೆಯಾಗಿದೆ. ಕೂಡಿದ್ದು ತಪ್ಪಿದ್ದರೆ ಅಲ್ಲಿಗೆ ಸುತ್ತು ಹಾಕಿ ವಾಪಸು ಕಳಿಸುತ್ತಾಳೆ.