ಹುಲ್ಲಿನ ಬೇರಲ್ಲಿ ಚಿನ್ನ: 1874ರ ಪತ್ರಿಕೆಗಳನ್ನು ನಾನು ಓದಿದ್ದು ಹೀಗೆ

1874ರಲ್ಲಿ ಅಮೆರಿಕದ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳಲ್ಲಿ ಎರಡು ಸಲ ಚಿನ್ನ ಸಿಕ್ಕಿತು ಅಂತ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಬಿಸ್ಮಾರ್ಕ್ ಊರಿನ ಟ್ರಿಬ್ಯೂನ್ ಪತ್ರಿಕೆಯಲ್ಲಿ ಆಗಸ್ಟ್ 12ಕ್ಕೆ ಒಂದು ಸಲ, ಶಿಕಾಗೋದ ಇಂಟರ್ ಓಷನ್ ಪತ್ರಿಕೆಯಲ್ಲಿ 27ಕ್ಕೆ ಇನ್ನೊಂದು ಸಲ. ಎರಡೂ ಒಂದೇ ಸುದ್ದಿ ಅಂತ ಗೊತ್ತಾಗಲು ಒಂದು ವಾರ ಹಿಡಿಯಿತು. ಫ್ರೆಂಚ್ ಕ್ರೀಕ್ ಹಳ್ಳದಲ್ಲಿ ಜುಲೈ ಕೊನೆಯ ಹೊತ್ತಿಗೆ ಸಿಕ್ಕ ಚೂರುಪಾರು ಚಿನ್ನ ಅದು.

ಅಮೆರಿಕದ ಸೇನೆಯ ಜನರಲ್ ಕಸ್ಟರ್ ಸುಮಾರು ಸಾವಿರ ಜನ, 110 ಬಂಡಿ, ಬ್ಯಾಂಡ್ ಸೆಟ್ ಸಮೇತ ಜುಲೈ 2ರಂದು ಫೋರ್ಟ್ ಅಬ್ರಹಾಂ ಲಿಂಕನ್ ಎಂಬ ಸೇನಾ ಕೋಟೆಯಿಂದ ಈ ಬೆಟ್ಟಗಳಿಗೆ ಹೊರಟಿದ್ದ. (ಕಾಡಿಗೆ ಹೋಗಲು ಬ್ಯಾಂಡ್ ಯಾಕೆ ಅಂತ ಕೇಳಬೇಡಿ.) ಕೋಟೆ ಕಟ್ಟಲು ಜಾಗ ನೋಡುವುದು ಕೆಲಸ ಅಂತ ಹೇಳಿಕೊಂಡಿದ್ದರು. ಜೊತೆಗೆ ಪತ್ರಕರ್ತರೂ ಇದ್ದರು. ಆದರೆ ಬೆಟ್ಟಗಳಲ್ಲಿ ಸುದ್ದಿ ಕಳಿಸಲು ಟೆಲಿಗ್ರಾಫ್ ತಂತಿ ಇರಲಿಲ್ಲ. ಚಾರ್ಲಿ ರೆನಾಲ್ಡ್ಸ್ ಎಂಬ ಬೇಹಿನವನು ಒಬ್ಬನೇ, ಹಗಲು ಅಡಗಿ ರಾತ್ರಿ ಕುದುರೆ ಓಡಿಸಿ, ಫೋರ್ಟ್ ಲಾರಮಿ ಎಂಬ ಕೋಟೆಗೆ ಟಪಾಲು ಮುಟ್ಟಿಸಿದ.

ಒಂದೇ ಸುದ್ದಿಯನ್ನು ಎರಡು ಅಂತ ಎಣಿಸಿದ ಆ ಎಡವಟ್ಟಿನ ಮೇಲೆ ಪ್ರತಿ ಸುದ್ದಿಗೂ ಮೂರು ತಾರೀಖು ಬರೆಯುತ್ತೇನೆ: ನಡೆದದ್ದು ಯಾವಾಗ, ಬರೆದದ್ದು ಯಾವಾಗ, ಅಚ್ಚಾದದ್ದು ಯಾವಾಗ. ಆಮೇಲೆ ಪತ್ರಿಕೆ ಅಚ್ಚಾದ ಊರಿನ ಹೆಸರು. ಈ ಊರಿನ ಹೆಸರೇ ನನಗೆ ಜಾಸ್ತಿ ಕಲಿಸಿತು. 1873ರಲ್ಲಿ ಬ್ಯಾಂಕುಗಳು ಮುಳುಗಿ, ನಾರ್ದರ್ನ್ ಪೆಸಿಫಿಕ್ ರೈಲು ಬಿಸ್ಮಾರ್ಕ್‌ನಲ್ಲೇ ನಿಂತುಬಿಟ್ಟಿತ್ತು. ಆ ಊರಿಗೆ ಚಿನ್ನ ಬೇಕೇ ಬೇಕಿತ್ತು, ಅಲ್ವಾ? ಅಲ್ಲಿನ ಪತ್ರಿಕೆ ಕುಣಿದಾಡಿದ್ದರಲ್ಲಿ ಆಶ್ಚರ್ಯವಿಲ್ಲ. ಕಸ್ಟರ್ ಬೇರೆ ಹುಲ್ಲಿನ ಬೇರಲ್ಲೇ ಚಿನ್ನ ಸಿಕ್ಕಿದೆ ಅಂತ ವರದಿ ಕಳಿಸಿದ್ದ. ದಂಡಿನ ಜೊತೆಗೇ ಇದ್ದ ಭೂವಿಜ್ಞಾನಿ ವಿಂಚೆಲ್ ಮಾತ್ರ ತಾನು ಚಿನ್ನ ಕಣ್ಣಾರೆ ಕಂಡಿಲ್ಲ ಅಂದ. ಅವನ ಮಾತು ಯಾರಿಗೆ ಬೇಕಿತ್ತು?

ಬಿಸ್ಮಾರ್ಕ್ ಟ್ರಿಬ್ಯೂನ್‌ನಂಥ ಹಳೆಯ ಪತ್ರಿಕೆಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕಾ ಎಂಬ ಆನ್‌ಲೈನ್ ಸಂಗ್ರಹದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಆದರೆ ಅಲ್ಲಿನ ಹುಡುಕಾಟವನ್ನೇ ನಂಬಿ ಕೂರಬೇಡಿ. ಮಸಿ ಹರಡಿದ ಅಕ್ಷರವನ್ನು ಕಂಪ್ಯೂಟರ್ ಏನೇನೋ ಅಂತ ಓದುತ್ತದೆ. ನಾನು ತಾರೀಖು ಆರಿಸಿಕೊಂಡು ಪುಟ ಪುಟವನ್ನೂ ಕಣ್ಣಾಡಿಸಿದೆ. ಬೇಜಾರಿನ ಕೆಲಸ, ಆದರೆ ಪಕ್ಕದ ಕಾಲಂನ ರೈಲಿನ ಸುದ್ದಿ ನನ್ನ ಕಣ್ಣಿಗೆ ಬಿದ್ದದ್ದು ಹಾಗೇ.

ಒಂದು ಕೊರತೆ ಕೊನೆತನಕ ಕಾಡಿತು. 1868ರ ಒಪ್ಪಂದದ ಪ್ರಕಾರ ಆ ಬೆಟ್ಟಗಳು ಅಲ್ಲಿನ ಮೂಲನಿವಾಸಿ ಲಕೋಟ ಜನರವು. ಕಾಸಲ್ ಕ್ರೀಕ್ ಹತ್ತಿರ ಅವರ ಐದು ಗುಡಾರಗಳ ಚಿಕ್ಕ ಬಿಡಾರ ದಂಡಿಗೆ ಎದುರಾಯಿತು. ಬಿಡಾರದ ಮುಖ್ಯಸ್ಥ ಒನ್ ಸ್ಟಾಬ್‌ನನ್ನು ಹಿಡಿದಿಟ್ಟುಕೊಂಡು ದಾರಿ ತೋರಿಸು ಅಂದರು. ಪತ್ರಕರ್ತರು ಅವನ ಬಗ್ಗೆ ಬರೆದಿದ್ದಾರೆ, ಆದರೆ ಅವನು ಬರೆದದ್ದು ಯಾವ ಕಾಲಂನಲ್ಲೂ ಇಲ್ಲ. ಅವನ ಜಾಡು ಹಿಡಿಯುವವರು ಸ್ಟಾಬರ್ ಅಂತಲೂ ಟೈಪ್ ಮಾಡಿ ನೋಡಿ. ಆ ಹೆಸರೂ ಬಳಕೆಯಲ್ಲಿತ್ತು.