ಕೈ ಆಪರೇಷನ್ ಆದ ಮೇಲೆ ನೋವಿಗೆ ಯಾವ ಮಾತ್ರೆ, ಯಾವಾಗ?

ಕಾರ್ಪಲ್ ಟನಲ್ (ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವುದು), ಟ್ರಿಗರ್ ಫಿಂಗರ್ (ಮಡಚಿದ ಬೆರಳು ಸಿಕ್ಕಿಕೊಳ್ಳುವುದು) ಇಂಥವುಗಳ ಸಣ್ಣ ಆಪರೇಷನ್‌ಗಳ ನೋವನ್ನು ಹೆಚ್ಚಿನವರಲ್ಲಿ ಪ್ಯಾರಸಿಟಮಾಲ್, ಐಬುಪ್ರೊಫೆನ್ ಎರಡೇ ಹತೋಟಿಗೆ ತರುತ್ತವೆ. ಟ್ರಮಡಾಲ್‌ನಂಥ ಓಪಿಯಾಯ್ಡ್ (ಅಫೀಮಿನ ಬಗೆಯ ನೋವಿನ ಔಷಧ) ಜೋರಿನ ಮಾತ್ರೆ, ಆದ್ದರಿಂದ ಅದೇ ಮೇಲು ಎಂಬುದು ತಪ್ಪು ಎಣಿಕೆ. ಅದು ಮಿದುಳು, ಬೆನ್ನುಹುರಿಗಳಲ್ಲಿ ನೋವಿನ ಸಂಕೇತವನ್ನು ತಗ್ಗಿಸುತ್ತದೆ. ಕೈಯ ಊತ ಹಾಗೇ ಉಳಿಯುತ್ತದೆ. ಐಬುಪ್ರೊಫೆನ್ ಊತವನ್ನೂ ಇಳಿಸುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಸಮಯ. ತೋಳಿಗೆ ಕೊಟ್ಟ ಮರಗಟ್ಟಿಸುವ ಇಂಜೆಕ್ಷನ್‌ನ ಪ್ರಭಾವ ಔಷಧಕ್ಕೆ ತಕ್ಕಂತೆ ಕೆಲವು ಗಂಟೆಗಳಿಂದ ಒಂದು ದಿನದವರೆಗೂ ಇರಬಹುದು. ಅದು ಇಳಿಯುವಾಗ ನೋವು ಒಮ್ಮೆಗೇ ನುಗ್ಗುತ್ತದೆ, ಅದೂ ಹೆಚ್ಚಾಗಿ ನಡುರಾತ್ರಿ. ಬೆರಳು ಜುಮ್ಮೆನ್ನಲು ಶುರುವಾಗುವ ಮೊದಲೇ ಮೊದಲ ಮಾತ್ರೆ ಹೊಟ್ಟೆಯಲ್ಲಿರಬೇಕು. ಆಮೇಲೆ ಮೊದಲ ಎರಡು ಮೂರು ದಿನ ನೋವಿಗಾಗಿ ಕಾಯದೆ ಗಡಿಯಾರ ನೋಡಿ ತೆಗೆದುಕೊಳ್ಳಿ.

ಲಿವರ್, ಕಿಡ್ನಿ ಚೆನ್ನಾಗಿರುವ, 50 ಕೆ.ಜಿ. ಮೀರಿದ ವಯಸ್ಕರಿಗೆ ಸಾಮಾನ್ಯ ಲೆಕ್ಕ ಹೀಗೆ: ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10ಕ್ಕೆ ಪ್ಯಾರಸಿಟಮಾಲ್ 1000 ಮಿ.ಗ್ರಾಂ., ಜೊತೆಗೆ ಏನಾದರೂ ತಿಂದು ಐಬುಪ್ರೊಫೆನ್ 400 ಮಿ.ಗ್ರಾಂ. ಇವೆರಡೂ ಬೇರೆ ಬೇರೆ ರೀತಿಯಲ್ಲಿ ಕೆಲಸ ಮಾಡುವುದರಿಂದ ಒಟ್ಟಿಗೆ ತೆಗೆದುಕೊಳ್ಳಬಹುದು. 24 ಗಂಟೆಯಲ್ಲಿ ಪ್ಯಾರಸಿಟಮಾಲ್ 4000 ಮಿ.ಗ್ರಾಂ. ದಾಟಲೇಬಾರದು, ವೈದ್ಯರು ಹೇಳದೆ ಐಬುಪ್ರೊಫೆನ್ 1200 ದಾಟಬಾರದು. ಹೊಟ್ಟೆಯ ಹುಣ್ಣು, ಕಿಡ್ನಿ ಅಥವಾ ಹೃದಯದ ತೊಂದರೆ, ನೋವಿನ ಮಾತ್ರೆಯಿಂದ ಕೆರಳುವ ಅಸ್ತಮಾ, ಗರ್ಭ, ರಕ್ತ ತೆಳುವಾಗಿಸುವ ಮಾತ್ರೆ ಇವುಗಳಲ್ಲಿ ಒಂದಿದ್ದರೂ ವೈದ್ಯರನ್ನು ಕೇಳದೆ ಐಬುಪ್ರೊಫೆನ್ ಮುಟ್ಟಬೇಡಿ.

ಮಾತ್ರೆಯ ಜೊತೆಗೆ ಕೈ ಎತ್ತಿಡುವುದೂ ಮುಖ್ಯ. ಮಲಗಿದಾಗಲೂ ದಿಂಬುಗಳ ಮೇಲೆ ಕೈ ಎದೆಗಿಂತ ಮೇಲಿರಲಿ. ಕೈಯನ್ನು ಕತ್ತಿಗೆ ತೂಗುಹಾಕುವ ಜೋಳಿಗೆ (ಸ್ಲಿಂಗ್) ಸೊಂಟದ ಮಟ್ಟಕ್ಕೆ ಇಳಿಬಿದ್ದರೆ ಊತ ಹೆಚ್ಚುತ್ತದೆ.

ಇಷ್ಟಾದರೂ ನಿದ್ದೆ ಬಾರದಷ್ಟು ನೋವಿದ್ದರೆ ಮಾತ್ರ ಬರೆದುಕೊಟ್ಟ ಓಪಿಯಾಯ್ಡ್ ತೆಗೆದುಕೊಳ್ಳಿ: ಕಡಿಮೆ ಡೋಸ್, ಕೆಲವೇ ದಿನ, ಮೊದಲಿನ ಮಾತ್ರೆಗಳನ್ನು ನಿಲ್ಲಿಸದೆ. ಎಡವುವುದು ಇಲ್ಲೇ: ಟ್ರಮಡಾಲ್‌ನ ಎಷ್ಟೋ ಮಾತ್ರೆಗಳಲ್ಲಿ ಪ್ಯಾರಸಿಟಮಾಲ್ 325 ಮಿ.ಗ್ರಾಂ. ಸೇರಿರುತ್ತದೆ, ಅದನ್ನೂ ದಿನದ ಲೆಕ್ಕಕ್ಕೆ ಹಿಡಿಯಬೇಕು. ವಾಕರಿಕೆ, ತೂಕಡಿಕೆ, ಮಲಬದ್ಧತೆ ಸಾಮಾನ್ಯ. ಮದ್ಯ ಅಥವಾ ನಿದ್ದೆಮಾತ್ರೆ ಜೊತೆಗೂಡಿದರೆ ಉಸಿರೇ ನಿಧಾನವಾಗಿ ಪ್ರಾಣಕ್ಕೆ ಕುತ್ತು. ಗಾಡಿ ಓಡಿಸಬೇಡಿ. ಮೂರ್ಛೆರೋಗವಿದ್ದರೆ, ಖಿನ್ನತೆಗೆ ಮಾತ್ರೆ ನುಂಗುತ್ತಿದ್ದರೆ ಟ್ರಮಡಾಲ್‌ಗೆ ಮೊದಲೇ ವೈದ್ಯರಿಗೆ ತಿಳಿಸಿ.

ಕೈ ಎತ್ತಿಟ್ಟರೂ, ಮಾತ್ರೆ ನುಂಗಿದರೂ ನೋವು ಏರುತ್ತಲೇ ಇದ್ದರೆ, ಬ್ಯಾಂಡೇಜ್ ಬಿಗಿಯೆನಿಸಿದರೆ, ಬೆರಳು ಬಿಳಿಚಿದರೆ ಅಥವಾ ನೀಲಿಗಟ್ಟಿದರೆ, ಇಲ್ಲವೇ ಬೆರಳನ್ನು ಬೇರೆಯವರು ಮೆಲ್ಲಗೆ ನೇರ ಮಾಡಿದರೂ ತಾಳಲಾಗದಿದ್ದರೆ ಇನ್ನೊಂದು ಮಾತ್ರೆ ಹುಡುಕಬೇಡಿ. ಒಳಗಿನ ಒತ್ತಡ ಏರಿ ರಕ್ತ ಓಡಾಟ ನಿಲ್ಲುತ್ತಿರಬಹುದು. ಬೆಳಗಾಗಲಿ ಎಂದು ಕಾಯದೆ ತುರ್ತು ವಿಭಾಗಕ್ಕೆ ಹೋಗಿ.