ಇಂಗ್ಲಿಷ್ ಪದವನ್ನು ಬೇರಿನಿಂದ ಹಿಡಿಯಿರಿ

ವಿಜಯಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಗೆಳೆಯರಲ್ಲಿ ಒಂದು ವಿನಂತಿ: ಕಠಿಣ ಇಂಗ್ಲಿಷ್ ಪದಗಳ ಪಟ್ಟಿಯನ್ನು ದಿನಕ್ಕೆ ಐವತ್ತರಂತೆ ಬಾಯಿಪಾಠ ಮಾಡುವುದನ್ನು ಬಿಡಿ. ನಾನು ಎರಡು ವರ್ಷ ಹಾಗೆ ಮಾಡಿ, ವಾರದೊಳಗೆ ಬಹುಪಾಲು ಮರೆಯುತ್ತಿದ್ದೆ. ಅದರ ಬದಲು ಪದದ ಮೂಲವನ್ನು ಹಿಡಿಯಿರಿ. 'ನೋಡು' ಎಂಬರ್ಥದ ಲ್ಯಾಟಿನ್ ಮೂಲದ 'ಸ್ಪೆಕ್ಟ್' ಒಂದನ್ನು ತಿಳಿದರೆ, ಒಳಹೊಕ್ಕು ನೋಡುವ 'ಇನ್‌ಸ್ಪೆಕ್ಟ್', ಹಿಂದಿರುಗಿ ನೋಡುವ 'ರೆಟ್ರೊಸ್ಪೆಕ್ಟ್', ಸುತ್ತಲೂ ನೋಡಿ ಎಚ್ಚರದಿಂದ ಹೆಜ್ಜೆಯಿಡುವ 'ಸರ್ಕಮ್‌ಸ್ಪೆಕ್ಟ್' ಮೂರೂ ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಒಂದೇ ಧಾತು ಉಪಸರ್ಗ ಸೇರಿದಂತೆ ಆಹಾರ, ವಿಹಾರ, ಪ್ರಹಾರ, ಸಂಹಾರ ಎಂದು ಬದಲಾಗುವುದನ್ನು ಶಾಲೆಯಲ್ಲೇ ಕಲಿತ ನಮಗೆ ಈ ದಾರಿ ಹೊಸದೇನಲ್ಲ.

ಜೊತೆಗೆ, ಪದವನ್ನು ಕಂಡ ಅನುಭವಕ್ಕೆ ಕಟ್ಟಿಹಾಕಿ. ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಸದ್ದು ಮತ್ತೆ ಮತ್ತೆ ಮರಳಿ ಬಂದು ಕಿವಿಗೆ ಬಡಿಯುತ್ತದೆ. 'ರಿವರ್ಬರೇಟ್' ಪದದ ಮೂಲಾರ್ಥವೂ 'ಮರಳಿ ಹೊಡೆ' ಎಂದೇ. ಅಲ್ಲಿ ನಿಂತು ಕಲಿತ ಆ ಪದ ನನಗೆ ಇಂದಿಗೂ ಮರೆತಿಲ್ಲ.

ದಿನಕ್ಕೆ ಐದೇ ಪದ ಸಾಕು. ಪ್ರತಿಯೊಂದಕ್ಕೂ ನಿಮ್ಮದೇ ವಾಕ್ಯವೊಂದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಅರ್ಥವನ್ನು ಮುಚ್ಚಿಟ್ಟುಕೊಂಡು ಮರುದಿನ, ಮೂರನೆಯ ದಿನ, ವಾರದ ನಂತರ ನೆನಪಿಸಿಕೊಳ್ಳಿ.